ಕೊನೆಯ ಸಾಲಿಲ್ಲದ ಕಚೇರಿ

ಸಂಗೀತ ಕಚೇರಿಗೆ ಹೋಗುವವರಲ್ಲಿ ಎರಡು ಪಂಗಡ. ಮುಂದಿನ ಸಾಲಿನವರು ವಿದ್ವಾಂಸರ ಕಣ್ಣಿಗೆ ಬೀಳಲೆಂದು ಕೂರುತ್ತಾರೆ. ಕೊನೆಯ ಸಾಲಿನವರು ಯಾರ ಕಣ್ಣಿಗೂ ಬೀಳದಿರಲೆಂದು ಕೂರುತ್ತಾರೆ. ನಾನು ಎರಡನೆಯ ಪಂಗಡದವನು. ಕೊನೆಯ ಸಾಲಿನ ಸುಖ ಅನುಭವಿಸಿದವರಿಗೇ ಗೊತ್ತು. ಆಲಾಪನೆ ಲಂಬಿಸಿದರೆ ಕಣ್ಣು ಮುಚ್ಚಬಹುದು, ಪಕ್ಕದವರು ಅದನ್ನು ತನ್ಮಯತೆ ಎಂದುಕೊಳ್ಳುತ್ತಾರೆ. ತನಿ ಆವರ್ತನ ಶುರುವಾದೊಡನೆ ಕ್ಯಾಂಟೀನಿಗೆ ಎದ್ದು ಹೋಗಬಹುದು. ಮೃದಂಗದವರ ಮುಕ್ತಾಯಕ್ಕೂ ನಮ್ಮ ಬೋಂಡದ ಮುಕ್ತಾಯಕ್ಕೂ ಸರಿಹೋಗುತ್ತದೆ. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಪೆಂಡಾಲಿರಲಿ, ಮೈಸೂರಿನ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿರಲಿ, ನನ್ನ ಸಂಗೀತಜ್ಞಾನವೆಲ್ಲ ಕಂಬಕ್ಕೆ ಒರಗಿ ಸಂಪಾದಿಸಿದ್ದು. ಇಂಥ ನನ್ನನ್ನು ಸಂಗೀತಗಾರನ ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂರಿಸಿದ್ದು ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಪುಟ್ಟ ಊರು.

ಮಗಳು ಅಳಿಯ ಇರುವುದು ಮೆಂಫಿಸ್‌ನಲ್ಲಿ. ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರ ದಿನಚರಿ ಎಲ್ಲರಿಗೂ ಗೊತ್ತಿರುವುದೇ. ವಾರವಿಡೀ ಮನೆ ಕಾಯುವುದು, ಶನಿವಾರ ಕಾಸ್ಟ್‌ಕೋ, ಭಾನುವಾರ ದೇವಸ್ಥಾನ. ನಮ್ಮ ಅಳಿಯಂದಿರಿಗೆ ಗಿಟಾರಿನ ಹುಚ್ಚು. ಒಂದು ಶನಿವಾರ, "ಮಾವ, ನಿಮಗೆ ಸಂಗೀತ ಇಷ್ಟ ಅಲ್ವಾ? ಒಂದೂವರೆ ಗಂಟೆ ದಾರಿ, ಬ್ಲೂಸ್ ಕೇಳಿ ಬರೋಣ. ಸಣ್ಣ ಜಾಗ, ಮೈಕೂ ಇರಲ್ಲ" ಎಂದರು. ಅಳಿಯ ಕರೆದರೆ ಒಲ್ಲೆ ಎನ್ನುವ ಮಾವ ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮಾಕೆಯದು ಒಂದೇ ಪ್ರಶ್ನೆ: "ರಾತ್ರಿ ಊಟ ಎಲ್ರೀ?" ಅದಕ್ಕೆ ಉತ್ತರವನ್ನೂ ಅವಳೇ ಪುಳಿಯೋಗರೆ ರೂಪದಲ್ಲಿ ಡಬ್ಬಿಗೆ ತುಂಬಿಕೊಂಡಳು.

61ನೇ ನಂಬರಿನ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ ಟ್ಯುನಿಕಾದ ಜೂಜಿನ ಅರಮನೆಗಳು ಸಿಗುತ್ತವೆ. ಅವು ದಾಟಿದ ಮೇಲೆ ಹತ್ತಿ, ಹತ್ತಿ, ಮತ್ತೆ ಹತ್ತಿ. ಅಕ್ಟೋಬರ್ ಆದ್ದರಿಂದ ಹೊಲವೆಲ್ಲ ಬಿಳಿ. ಈ ಸಪಾಟು ನೆಲಕ್ಕೆ ಅವರು ಡೆಲ್ಟಾ ಎನ್ನುತ್ತಾರೆ. ಕಣ್ಣಿಗೆ ಅಡ್ಡ ಬರಲು ಒಂದು ದಿಣ್ಣೆಯೂ ಇಲ್ಲ. ಕ್ಲಾರ್ಕ್ಸ್‌ಡೇಲಿನಲ್ಲಿ 61 ಮತ್ತು 49ನೇ ಹೆದ್ದಾರಿಗಳು ಕೂಡುವ ಕಡೆ ಕಂಬದ ಮೇಲೆ ದೊಡ್ಡ ದೊಡ್ಡ ನೀಲಿ ಗಿಟಾರುಗಳನ್ನು ಏರಿಸಿದ್ದಾರೆ. ರಾಬರ್ಟ್ ಜಾನ್ಸನ್ ಎಂಬ ಹುಡುಗ ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ತನ್ನ ಆತ್ಮವನ್ನು ಒತ್ತೆಯಿಟ್ಟು ಗಿಟಾರ್ ಕಲಿತ ಎಂಬ ಕಥೆಗೆ ಅದು ಸ್ಮಾರಕ. ಆ ನಾಲ್ಕು ದಾರಿ ಇದೇ ಎನ್ನಲು ಸಾಕ್ಷಿಯಿಲ್ಲ. ಆದರೆ ಫೋಟೋ ತೆಗೆಸಿಕೊಳ್ಳುವವರು ಸಾಕ್ಷಿ ಕೇಳುವುದಿಲ್ಲ.

ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ನವೆದವನಾದ್ದರಿಂದ ಒತ್ತೆ ಎಂದೊಡನೆ ನನ್ನ ಕಿವಿ ನಿಮಿರಿತು. ಆತ್ಮವನ್ನು ಜಾಮೀನಾಗಿ ಹಿಡಿದರೆ ಮೌಲ್ಯಮಾಪನ ಮಾಡುವವರು ಯಾರು? ಜಾನ್ಸನ್ 1936 ಮತ್ತು 1937ರಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿ, 1938ರಲ್ಲಿ 27ನೇ ವಯಸ್ಸಿಗೇ ತೀರಿಕೊಂಡ. ಸೈತಾನನ ವಸೂಲಾತಿ ನಮ್ಮ ಬ್ಯಾಂಕಿಗಿಂತ ಚುರುಕು. ನಿಜ ಸಂಗತಿಯೆಂದರೆ ಅವನಿಗೆ ಐಕ್ ಜಿಮ್ಮರ್‌ಮನ್ ಎಂಬ ಗುರುವಿದ್ದ. ಇಬ್ಬರೂ ರಾತ್ರಿ ಸ್ಮಶಾನದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರಂತೆ. ಅಕ್ಕಪಕ್ಕದವರ ತಕರಾರು ಬಾರದ ಜಾಗ ಅದೊಂದೇ. ಆದರೆ ಒಬ್ಬ ಬಡವ ಕಷ್ಟಪಟ್ಟು ಕಲಿತ ಎಂದರೆ ಜನ ನಂಬುವುದಿಲ್ಲ. ನಮ್ಮಲ್ಲಿ ಪೂರ್ವಜನ್ಮದ ಸುಕೃತ ಎನ್ನುತ್ತೇವೆ, ಅಲ್ಲಿ ಸೈತಾನ ಎನ್ನುತ್ತಾರೆ. ಸಾಧಕಕ್ಕೆ ಎರಡು ಕಡೆಯೂ ಮರ್ಯಾದೆ ಇಲ್ಲ.

ಕಚೇರಿಯ ಜಾಗ ಹಳೆಯ ಇಟ್ಟಿಗೆ ಕಟ್ಟಡದ ಒಂದು ಮಳಿಗೆ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದವರು ದುಡ್ಡು ಇಸಕೊಂಡು ನನ್ನ ಮುಂಗೈ ಮೇಲೆ ರಬ್ಬರ್ ಮುದ್ರೆ ಒತ್ತಿದರು. ಜನ್ಮವಿಡೀ ಚೆಕ್ಕಿಗೂ ಚಲನ್ನಿಗೂ ಮುದ್ರೆ ಒತ್ತಿದ ಕೈಗೆ ಕೊನೆಗೂ ಯಾರೋ ಮುದ್ರೆ ಒತ್ತಿದರು. ಒಳಗೆ ಸೂರಿನಿಂದ ಇಳಿಬಿಟ್ಟ ಕೆಂಪು ದೀಪದ ಸರ, ಮಂಜುಗಡ್ಡೆಯಲ್ಲಿ ಹೂತ ಬಿಯರ್ ಡಬ್ಬಿ, ಗೋಡೆ ತುಂಬ ಮಾಸಿದ ಪೋಸ್ಟರು. ಕುರ್ಚಿಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ವೇದಿಕೆ ಎಂದರೆ ನೆಲದ ಮೇಲೆ ಹಾಸಿದ ಜಮಖಾನ, ಅದರ ಮೇಲೊಂದು ಕುರ್ಚಿ, ಕುರ್ಚಿಯ ಮುಂದೆ ಒಂದು ತಗಡಿನ ಬಕೀಟು. ಮೂವತ್ತು ಜನ ಹಿಡಿಸಿದರೆ ಹೆಚ್ಚು. ಹತ್ತಿಹೊಲದ ಕೂಲಿಗಳು ಶನಿವಾರ ರಾತ್ರಿ ಕುಡಿದು, ಕರಿದ ಮೀನು ತಿಂದು, ಕುಣಿದು, ಪಗಡೆಯಾಡಿ ವಾರವನ್ನು ಮರೆಯುತ್ತಿದ್ದ ಇಂಥ ಜಾಗಗಳಿಗೆ ಜ್ಯೂಕ್ ಜಾಯಿಂಟ್ ಎನ್ನುತ್ತಾರೆ. ನಾನು ಅಭ್ಯಾಸಬಲದಿಂದ ಕೊನೆಯ ಸಾಲು ಹುಡುಕಿದೆ. ಇದ್ದದ್ದೇ ಮೂರು ಸಾಲು, ಖಾಲಿ ಇದ್ದದ್ದು ಮೊದಲನೆಯದು. ಭೂಮಂಡಲದಲ್ಲಿ ಎಲ್ಲಿ ಹೋದರೂ ಖಾಲಿ ಉಳಿಯುವುದು ಮೊದಲನೆಯ ಸಾಲೇ. ಏರ್ ಕಂಡಿಷನರ್ ನೇರ ನನ್ನ ನೆತ್ತಿಗೆ ಬೀಸುತ್ತಿದ್ದುದರಿಂದ ಮಫ್ಲರು ತೆಗೆದು ಕಿವಿ ಮುಚ್ಚುವಂತೆ ಸುತ್ತಿಕೊಂಡೆ.

ಎಪ್ಪತ್ತು ದಾಟಿದ ಹಿರಿಯರೊಬ್ಬರು ಹ್ಯಾಟು ಸರಿಮಾಡಿಕೊಳ್ಳುತ್ತ ಬಂದು ಕೂತರು. ಕೈಯಲ್ಲಿ ತಳತಳ ಹೊಳೆಯುವ ಲೋಹದ ಗಿಟಾರು. ನಮ್ಮಾಕೆ ನನ್ನ ಕಡೆ ಬಾಗಿ, "ಹುಣಸೆಹಣ್ಣು ಹಾಕಿ ಉಜ್ಜುತ್ತಾರಾ ಕೇಳ್ರೀ" ಎಂದಳು. ಅಳಿಯಂದಿರು ತಗ್ಗಿದ ದನಿಯಲ್ಲಿ ಅದರ ಚರಿತ್ರೆ ಹೇಳಿದರು. ವಾದ್ಯವೃಂದದ ಗದ್ದಲದಲ್ಲಿ ಗಿಟಾರು ಕೇಳಿಸುವುದೇ ಇಲ್ಲ ಎಂಬ ದೂರಿಗೆ ಪರಿಹಾರವಾಗಿ 1927ರ ಹೊತ್ತಿಗೆ ಜಾನ್ ಡೋಪ್ಯೆರಾ ಎಂಬಾತ ಗಿಟಾರಿನ ಹೊಟ್ಟೆಯಲ್ಲಿ ಅಲ್ಯೂಮಿನಿಯಂ ತಟ್ಟೆಗಳನ್ನಿಟ್ಟು ದನಿ ಹಿಗ್ಗಿಸಿದನಂತೆ. ಕೆಲವೇ ವರ್ಷಗಳಲ್ಲಿ ವಿದ್ಯುತ್ ಗಿಟಾರು ಬಂದು ಆ ಸಾಹಸ ವ್ಯರ್ಥವಾಯಿತು. ಆದರೆ ಕರೆಂಟು ಕಾಣದ ಡೆಲ್ಟಾದ ಗುಡಿಸಲುಗಳಲ್ಲಿ, ನೂರು ಜನ ಕುಣಿಯುವ ಸದ್ದನ್ನು ಮೀರಿ ಕೇಳಿಸಬೇಕಾದವನಿಗೆ ಅದೇ ವರವಾಯಿತು. ಸನ್ ಹೌಸ್, ಬುಕ್ಕಾ ವೈಟ್ ಮೊದಲಾದ ಘಟಾನುಘಟಿಗಳೆಲ್ಲ ಈ ಲೋಹವಾದ್ಯವನ್ನೇ ನೆಚ್ಚಿಕೊಂಡವರು.

ಮೈಕಿಲ್ಲದ ಕಚೇರಿಯಲ್ಲಿ ಒಂದು ದೊಡ್ಡ ಕೊರತೆ ನನಗೆ ಕಾಣಿಸಿತು. ನಮ್ಮಲ್ಲಿ ಮೊದಲ ವರ್ಣ ಮುಗಿಯುವವರೆಗೆ ವಿದ್ವಾಂಸರು ಒಂದು ಕೈಯಲ್ಲಿ ತಾಳ ಹಾಕುತ್ತ ಇನ್ನೊಂದು ಕೈಯಲ್ಲಿ ಮೈಕಿನವನಿಗೆ ಏರಿಸು, ಇಳಿಸು ಎಂದು ಸನ್ನೆ ಮಾಡುತ್ತಿರುತ್ತಾರೆ. ಸ್ವರ ತಪ್ಪಿದರೂ ಅಪರಾಧ ಅವನದೇ. ಇಲ್ಲಿ ಬೈಯಲು ಮೈಕಿನವನೇ ಇಲ್ಲ. ಹಿರಿಯರು ತಂತಿಗಳನ್ನು ತಿರುಚಿ ಶ್ರುತಿ ಕೂಡಿಸಿಕೊಂಡು, ಕಿರುಬೆರಳಿಗೆ ಗಾಜಿನ ಬಾಟಲಿಯ ಕುತ್ತಿಗೆಯ ತುಂಡೊಂದನ್ನು ತೊಟ್ಟು, ತಂತಿಯ ಮೇಲೆ ಜಾರಿಸಿದರು. ಗಿಟಾರು ಮನುಷ್ಯರಂತೆ ನರಳಿತು. ಎದೆ ಝಲ್ಲೆಂದಿತು ಎಂದು ಬರೆಯಬಹುದು. ನಿಜವಾಗಿ ಝಲ್ಲೆಂದದ್ದು ಮೊಣಕಾಲು, ಏಕೆಂದರೆ ಅವರು ನೆಲಕ್ಕೆ ಗುದ್ದಿದ ಪಾದ ನನ್ನ ಪಾದದ ಪಕ್ಕದಲ್ಲೇ ಇತ್ತು.

ಈ ಜಾರು ವಾದನ ಲೋಕಕ್ಕೆ ತಿಳಿದದ್ದರಲ್ಲಿ ರೈಲ್ವೆಯ ಪಾಲೂ ಇದೆ. ಸುಮಾರು 1903ರಲ್ಲಿ, ಕ್ಲಾರ್ಕ್ಸ್‌ಡೇಲಿಗೆ ಹತ್ತಿರದ ಟಟ್‌ವೈಲರ್ ನಿಲ್ದಾಣದಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ತರು ರೈಲಿಗೆ ಕಾದು ತೂಕಡಿಸುತ್ತಿದ್ದರು. ರೈಲು ಒಂಬತ್ತು ಗಂಟೆ ತಡ. ಪಕ್ಕದಲ್ಲಿ ಚಿಂದಿ ಬಟ್ಟೆಯ ಒಬ್ಬಾತ ತಂತಿಗಳ ಮೇಲೆ ಚಾಕು ಒತ್ತಿ ಗಿಟಾರು ನುಡಿಸುತ್ತ, ಒಂದೇ ಸಾಲನ್ನು ತಿರುತಿರುಗಿ ಹಾಡಿದನಂತೆ. ಅಂಥ ವಿಲಕ್ಷಣ ಸಂಗೀತವನ್ನು ತಾವು ಕೇಳಿಯೇ ಇರಲಿಲ್ಲ ಎಂದು ಹ್ಯಾಂಡಿ 1941ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಅಷ್ಟರಲ್ಲಿ ಆ ಸಂಗೀತದ ಜಾಡು ಹಿಡಿದು ಹಾಡು ಬರೆದು ಪ್ರಕಟಿಸಿ ಹೆಸರೂ ಮಾಡಿದ್ದರು. ರೈಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ? ನಮ್ಮ ರೈಲ್ವೆಯೂ ಇಂಥ ಅವಕಾಶಗಳನ್ನು ಧಾರಾಳವಾಗಿ ಒದಗಿಸುತ್ತಲೇ ಬಂದಿದೆ, ನಾವೇ ಬಳಸಿಕೊಂಡಿಲ್ಲ.

ಕರ್ನಾಟಕ ಸಂಗೀತದ ಶ್ರೋತೃವಿಗೆ ಒಂದು ಕಾಯಿಲೆಯಿದೆ. ಹಾಡು ಕಿವಿಗೆ ಬಿದ್ದ ಕ್ಷಣವೇ ರಾಗ ಯಾವುದು ಎಂದು ತಿಳಿಯದಿದ್ದರೆ ಅವನಿಗೆ ಉಸಿರು ಕಟ್ಟುತ್ತದೆ. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ರಿಷಭವಿಲ್ಲ, ಧೈವತವಿಲ್ಲ. "ಶುದ್ಧ ಧನ್ಯಾಸಿ ಕಣೇ!" ಎಂದು ನಮ್ಮಾಕೆಯ ಕಿವಿಯಲ್ಲಿ ಉಸುರಿದೆ. ಅಷ್ಟರಲ್ಲಿ ಪ್ರತಿಮಧ್ಯಮವೊಂದು ಹಾದುಹೋಯಿತು. ಆಮೇಲೆ ಗಾಂಧಾರವೇ ಕೈಕೊಟ್ಟಿತು. ಸಾಧಾರಣವೆಂದು ಹಿಡಿದರೆ ಅಂತರದ ಕಡೆ ಜಾರುತ್ತದೆ, ಅಂತರವೆಂದು ಹಿಡಿದರೆ ಸಾಧಾರಣದ ಕಡೆ ವಾಲುತ್ತದೆ. ಎರಡರ ನಡುವೆ ಪಿಯಾನೋದಲ್ಲಿ ಮನೆಯೇ ಇಲ್ಲದ ಜಾಗದಲ್ಲಿ ನಿಂತು ಅಳುತ್ತದೆ. ಬ್ಲೂಸ್‌ನ ಪ್ರಾಣವಿರುವುದೇ ಆ ಸ್ವರದಲ್ಲಂತೆ. ಗಮಕಕ್ಕೆ ಒಗ್ಗಿದ ಕಿವಿಗೆ ಅದು ಅಪರಿಚಿತವೇನಲ್ಲ; ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆ ಹಿಡಿದು ರೈ ಕೂಡರ್ ಎಂಬ ಅಮೆರಿಕದ ಜಾರುಗಿಟಾರಿಗರ ಜೊತೆ ನುಡಿಸಿ, 1993ರ ಆ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪಡೆದದ್ದು ಸುಮ್ಮನೆ ಅಲ್ಲ. ನಾನು ಮತ್ತೆ ಬೆರಳು ಮಡಿಚಲು ಹೊರಟಾಗ ನಮ್ಮಾಕೆ, "ಇಲ್ಲೇನು ಸೀನಿಯರ್ ಪರೀಕ್ಷೆ ಇದೆಯಾ? ಸುಮ್ಮನೆ ಕೇಳಿ" ಎಂದಳು.

ರಾಗ ಬಿಟ್ಟು ತಾಳ ಹಿಡಿದೆ. ಆದಿತಾಳದಲ್ಲಿ ನನ್ನ ಕೈ ಒಂದು, ಐದು, ಏಳಕ್ಕೆ ತೊಡೆಯ ಮೇಲೆ ಬೀಳುತ್ತದೆ. ಉಳಿದ ಕಡೆ ಬೆರಳು, ಇಲ್ಲವೇ ಬೀಸು. ಸುತ್ತಲಿದ್ದವರೋ ಎರಡು, ನಾಲ್ಕು, ಆರು, ಎಂಟಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಕೈ ಸುಮ್ಮನಿದ್ದಾಗ ಅವರ ಸದ್ದು, ಅವರ ಕೈ ಸುಮ್ಮನಿದ್ದಾಗ ನನ್ನ ಸದ್ದು. ನಮಗೆ ಹಗಲಾದಾಗ ಅವರಿಗೆ ರಾತ್ರಿ ಎಂಬ ಭೂಗೋಳದ ಪಾಠವನ್ನು ಆ ಕೋಣೆಯಲ್ಲಿ ಪ್ರಾತ್ಯಕ್ಷಿಕೆಯಾಗಿ ಮಾಡಿ ತೋರಿಸಿದಂತಾಯಿತು. ನನ್ನ ಪಕ್ಕದ ಜರ್ಮನ್ ಪ್ರವಾಸಿ ಒಮ್ಮೆ ನನ್ನ ಕೈಯನ್ನೂ ಒಮ್ಮೆ ಮುಖವನ್ನೂ ನೋಡಿ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಂಡ.

ಆದರೂ ಲೆಕ್ಕ ನನ್ನ ಕೈಬಿಡಲಿಲ್ಲ. ಬ್ಲೂಸ್‌ನ ಒಂದು ಸುತ್ತಿಗೆ ಹನ್ನೆರಡು ಮನೆ, ಮನೆಗೆ ನಾಲ್ಕು ಎಣಿಕೆ, ಒಟ್ಟು 48. ಅಂದರೆ ಆದಿತಾಳದ ಆರು ಆವರ್ತ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ! ಈ ಸಂಶೋಧನೆಗೆ ನಾನೇ ಬೆರಗಾಗಿ ಆರನೆಯ ಆವರ್ತದ ಸಮಕ್ಕೆ ಕೈಯೆತ್ತಿ ಕಾದಿದ್ದರೆ, ಹಿರಿಯರು ಎರಡು ಎಣಿಕೆ ಹೆಚ್ಚಿಗೆ ಎಳೆದು, ಹ್ಯಾಟು ಸರಿಪಡಿಸಿಕೊಂಡು, ಆಮೇಲೆ ನಿಧಾನವಾಗಿ ಮನೆಗೆ ಬಂದರು. ಮುಂದಿನ ಸುತ್ತಿನಲ್ಲಿ ಹನ್ನೊಂದಕ್ಕೇ ಮುಗಿಸಿದರು. "ಹಳೆಯ ಡೆಲ್ಟಾದವರು ಹಾಗೇ ಮಾವ, ಹನ್ನೆರಡು ಅನ್ನೋದು ಪುಸ್ತಕದ ಲೆಕ್ಕ" ಎಂದು ಅಳಿಯಂದಿರು ಸಮಾಧಾನ ಹೇಳಿದರು. ಈ ಕಡೆಯವರೇ ಆದ ಜಾನ್ ಲೀ ಹೂಕರ್ ಅಂತೂ ತಮಗೆ ತೋಚಿದಾಗ ಮನೆ ಬದಲಿಸುತ್ತಿದ್ದುದರಿಂದ ಪಕ್ಕವಾದ್ಯದವರು ಬೆವರುತ್ತಿದ್ದರಂತೆ. ಒಬ್ಬನೇ ಕೂತು ಹಾಡುವವನಿಗೆ ತಾಳ ಆಳು. ಯಜಮಾನ ಮಾತು ಮುಗಿಸುವವರೆಗೆ ಅದು ಬಾಗಿಲಲ್ಲಿ ಕಾಯಬೇಕು.

ಸಾಹಿತ್ಯದ ಕಟ್ಟು ಮಾತ್ರ ಸರಳ. ಮೊದಲ ಸಾಲು ಹಾಡುತ್ತಾರೆ. ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಕೆಳಗಿನ ಸ್ವರಮೇಳ ಮಾತ್ರ ಬದಲಾಗುತ್ತದೆ. ಮೂರನೆಯ ಸಾಲಿನಲ್ಲಿ ಉತ್ತರವೋ, ಕುಟುಕೋ, ಬೆದರಿಕೆಯೋ ಬರುತ್ತದೆ. ಪ್ರತಿ ಸಾಲಿನ ಕೊನೆಗೆ ಗಿಟಾರು ಅದಕ್ಕೆ ಹೂಂಗುಟ್ಟುತ್ತದೆ. ಇದನ್ನು ಕೇಳುತ್ತ ಕೇಳುತ್ತ ನನಗೆ ನಮ್ಮ ಅಡುಗೆಮನೆ ನೆನಪಾಯಿತು. "ಗ್ಯಾಸ್ ಮುಗಿದಿದೆ" ಎಂದು ಒಂದು ಸಲ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ಶ್ರುತಿ ಏರಿಸಿ, "ಗ್ಯಾಸ್ ಮುಗಿದಿದೆ ಅಂದೆ" ಎಂದು ಬರುತ್ತದೆ. ಮೂರನೆಯದಾಗಿ, "ಇವತ್ತು ಪೇಪರನ್ನೇ ತಿನ್ನಿ" ಎಂದು ಮುಕ್ತಾಯ. ನಡುವೆ ಹೂಂಗುಟ್ಟುವ ಗಿಟಾರು ನಾನೇ. ಈ ವಿಚಾರವನ್ನು ನಮ್ಮಾಕೆಗೆ ಹೇಳಲು ಕಚೇರಿ ಮುಗಿಯುವವರೆಗೂ ಧೈರ್ಯ ಬರಲಿಲ್ಲ. ಮುಗಿದ ಮೇಲೂ ಬರಲಿಲ್ಲ.

ಹಾಡಿನ ವಿಷಯಗಳು ಚಿಲ್ಲರೆ ಎನಿಸಬಹುದು: ಬಿಟ್ಟುಹೋದ ಹೆಂಡತಿ, ಬಾರದ ಸಂಬಳ, ಮುರಿದ ಕಾರು, ಹೊಲಕ್ಕೆ ನುಗ್ಗಿದ ಹೊಳೆ. ಆದರೆ ಅಂದು ಮಧ್ಯಾಹ್ನ ಊರಿನ ಡೆಲ್ಟಾ ಬ್ಲೂಸ್ ಮ್ಯೂಸಿಯಂ ನೋಡಿ ಬಂದಿದ್ದರಿಂದ ಅವುಗಳ ಅಡಿಪಾಯ ಗೊತ್ತಾಗಿತ್ತು. ಹಳೆಯ ರೈಲ್ವೆ ಗೂಡ್ಸ್ ಕಟ್ಟಡದಲ್ಲಿರುವ ಆ ಮ್ಯೂಸಿಯಂನೊಳಗೆ ಮಡ್ಡಿ ವಾಟರ್ಸ್ ಎಂಬ ಬ್ಲೂಸ್ ಗಾಯಕ ವಾಸವಿದ್ದ ಮರದ ಗುಡಿಸಲನ್ನೇ ತಂದಿಟ್ಟಿದ್ದಾರೆ. ಊರಾಚೆಯ ಸ್ಟೋವಾಲ್ ತೋಟದಲ್ಲಿ ಟ್ರ್ಯಾಕ್ಟರು ಓಡಿಸುತ್ತಿದ್ದ ಆತನನ್ನು 1941ರಲ್ಲಿ ಅಲನ್ ಲೋಮ್ಯಾಕ್ಸ್ ಮತ್ತು ಜಾನ್ ವರ್ಕ್ ಎಂಬ ಸಂಗ್ರಾಹಕರು ಧ್ವನಿಮುದ್ರಿಸಿಕೊಂಡರು. ತನ್ನ ದನಿಯನ್ನು ತಾನೇ ಕೇಳಿದ ಮೇಲೆ ಟ್ರ್ಯಾಕ್ಟರು ಅವನನ್ನು ಹೆಚ್ಚು ದಿನ ಹಿಡಿದಿಡಲಿಲ್ಲ. 1943ರಲ್ಲಿ ಷಿಕಾಗೋ ರೈಲು ಹತ್ತಿದ. ಮರುವರ್ಷ ಪಕ್ಕದ ಹಾಪ್ಸನ್ ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರಗಳ ಪ್ರದರ್ಶನ ನಡೆಯಿತು. ಕೂಲಿಗಳ ಕೈಗೆ ಕೆಲಸ ತಪ್ಪುತ್ತ ಬಂತು, ಹಾಡುಗಳೂ ಅವರ ಜೊತೆ ಊರು ಬಿಟ್ಟವು.

ಅದಕ್ಕೂ ಮೊದಲಿನ ವ್ಯವಸ್ಥೆ ನನ್ನಂಥ ಬ್ಯಾಂಕಿನವನ ಹೊಟ್ಟೆ ಕಲಕುವಂಥದು. ಗುಲಾಮಗಿರಿ ಹೋದ ಮೇಲೆ ಕರಿಯ ರೈತರು ಪಾಲಿಗೆ ಹತ್ತಿ ಬೆಳೆಯುತ್ತಿದ್ದರು. ಬೀಜ, ಹೇಸರಗತ್ತೆ, ಹಿಟ್ಟು, ಬಟ್ಟೆ ಎಲ್ಲ ಧಣಿಯ ಅಂಗಡಿಯಿಂದಲೇ ಸಾಲ. ವರ್ಷದ ಕೊನೆಗೆ ಲೆಕ್ಕ ಚುಕ್ತಾ. ಲೆಕ್ಕದ ಪುಸ್ತಕ ಬರೆಯುವವನೂ ಸಾಲ ಕೊಟ್ಟವನೇ, ಓದಿ ಹೇಳುವವನೂ ಅವನೇ. ಬೆಳೆ ಬಂದ ವರ್ಷವೂ ಬಾಕಿ ಉಳಿಯುತ್ತಿತ್ತು. ನಾನೂ ಬೆಳೆಸಾಲ ಕೊಟ್ಟವನು, ವಸೂಲಿಗೆ ಹಳ್ಳಿಹಳ್ಳಿ ಜೀಪಿನಲ್ಲಿ ಅಲೆದವನು. ಆದರೆ ನಮ್ಮಲ್ಲಿ ಕನಿಷ್ಠ ಆಡಿಟ್ ಎಂಬುದೊಂದಿತ್ತು. ಇಲ್ಲಿನ ಆಡಿಟ್ ವರದಿಯೇ ಬ್ಲೂಸ್. ಎದುರು ನಿಂತು ಹೇಳಿದರೆ ಪ್ರಾಣಕ್ಕೇ ಅಪಾಯವಿದ್ದ ಕಾಲದಲ್ಲಿ, ಧಣಿಯ ಮೇಲಿನ ದೂರನ್ನು ಬಿಟ್ಟುಹೋದ ಹೆಂಡತಿಯ ಹೆಸರಿನಲ್ಲಿ ಹಾಡಿ, ಶನಿವಾರ ರಾತ್ರಿ ಅದಕ್ಕೇ ಕುಣಿದರು. ಅಳುವುದಕ್ಕೆಂದು ಯಾರೂ ಜ್ಯೂಕ್ ಜಾಯಿಂಟಿಗೆ ಹೋಗುತ್ತಿರಲಿಲ್ಲ. ದುಃಖವನ್ನು ತೋಳಳತೆ ದೂರದಲ್ಲಿ ಹಿಡಿದು ನಗುವುದು ಈ ಸಂಗೀತದ ಕಸುಬು.

ಆ ನಗುವಿಗೆ ಅಂದು ನಾನೂ ಸಿಕ್ಕಿದೆ. ಹಾಡುಗಳ ನಡುವೆ ಹಿರಿಯರು ನನ್ನತ್ತ ತಿರುಗಿ ಎಲ್ಲಿಂದ ಬಂದಿರಿ ಎಂದು ವಿಚಾರಿಸಿದರು. ಇಂಡಿಯಾ, ಮೈಸೂರು ಎಂದೆ. ತಲೆಯಾಡಿಸಿ, ಬಾಟಲಿಯ ಕುತ್ತಿಗೆಯನ್ನು ಜಾರಿಸಿ, ನನ್ನ ಮಫ್ಲರನ್ನೇ ದಿಟ್ಟಿಸುತ್ತ ಹೊಸ ಪದ ಕಟ್ಟಿದರು. ಬಹಳ ದೂರದಿಂದ ಬಂದವನೊಬ್ಬ ಕತ್ತಿಗೆ ಬಟ್ಟೆ ಸುತ್ತಿ ಕೂತಿದ್ದಾನೆ ಎಂಬುದು ಮೊದಲ ಸಾಲು. ಎರಡನೆಯದೂ ಅದೇ, ಅಷ್ಟರಲ್ಲಿ ಇಡೀ ಕೋಣೆ ನನ್ನ ಕತ್ತು ನೋಡುತ್ತಿತ್ತು. ಈ ಕೋಣೆಯೇ ತಣ್ಣಗಿದೆಯೋ, ಪಕ್ಕದಲ್ಲಿ ಕೂತ ಹೆಂಡತಿ ತಣ್ಣಗಿದ್ದಾಳೋ ಎಂಬುದು ಮೂರನೆಯದು. ಮಳಿಗೆ ಹಾರಿಹೋಗುವಂತೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮಾಕೆ. ಮಗಳು ವಿಡಿಯೋ ಮಾಡಿ ರಾತ್ರಿಯೇ ನೆಂಟರ ಗುಂಪಿಗೆಲ್ಲ ಹಾಕಿದಳು. ನಾಲ್ಕು ದಶಕ ಕಚೇರಿ ಕೇಳಿದರೂ ಯಾವ ವಿದ್ವಾಂಸರೂ ನನ್ನನ್ನು ಹಾಡಿನಲ್ಲಿ ಸೇರಿಸಿರಲಿಲ್ಲ. ಅಲ್ಲಿಂದಾಚೆಗೆ ಕೂತ ಭಂಗಿ ಬದಲಾಯಿತು. ನಾನು ಕೇಳುತ್ತಿದ್ದೇನೋ ಇಲ್ಲವೋ ಎಂಬುದು ಹಾಡುವವರಿಗೆ ಕಾಣುತ್ತಿದೆ ಎಂದ ಮೇಲೆ ಕಣ್ಣು ಮುಚ್ಚುವಂತಿಲ್ಲ, ಮೊಬೈಲು ನೋಡುವಂತಿಲ್ಲ. ಅವರು ಸಾಲು ಬಿಟ್ಟ ಕಡೆ ಹೂಂಗುಡದಿದ್ದರೆ ಹಾಡು ಮುಂದೆ ಹೋಗುವುದಿಲ್ಲ. ಸಣ್ಣ ಜಾಗದಲ್ಲಿ ಶ್ರೋತೃವೂ ಪಕ್ಕವಾದ್ಯ.

ವಿರಾಮದಲ್ಲಿ ತಗಡಿನ ಬಕೀಟು ಕೈಯಿಂದ ಕೈಗೆ ದಾಟಿತು. ಅದು ಸಂಭಾವನೆಯ ಪಾತ್ರೆ. ಬಾಗಿಲಲ್ಲಿ ದುಡ್ಡು ಕೊಟ್ಟಾಗಿದೆಯಲ್ಲ ಎಂದು ನಾನು ಕಣ್ಣಿನಲ್ಲೇ ಕೇಳಿದ್ದಕ್ಕೆ ಅಳಿಯಂದಿರು ಈ ಸಂಗೀತದ ಹಣಕಾಸಿನ ಚರಿತ್ರೆ ಹೇಳಿದರು. ಡೆಲ್ಟಾದ ಮಹಾಮಹಿಮರನ್ನು ಧ್ವನಿಮುದ್ರಿಸಿದ ಪ್ಯಾರಮೌಂಟ್ ಎಂಬ ರೆಕಾರ್ಡು ಕಂಪನಿಯ ಒಡೆತನ ವಿಸ್ಕಾನ್ಸಿನ್‌ನ ಒಂದು ಕುರ್ಚಿ ಕಾರ್ಖಾನೆಯದು. ತಾನು ಮಾಡುವ ಗ್ರಾಮಫೋನ್ ಪೆಟ್ಟಿಗೆಗಳು ಖರ್ಚಾಗಲಿ ಎಂದು ಅದು ರೆಕಾರ್ಡು ಒತ್ತಿಸುತ್ತಿತ್ತು. ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಮೆದು ದನಿಯ ಗಾಯಕ ಇನ್ನೊಂದು ಕಂಪನಿಗೆ 1928ರಲ್ಲಿ ಹಾಡಿ, ಊರಿಗೆ ಮರಳಿ, ಹೊಲದ ಕೂಲಿಯಲ್ಲೂ ದನ ಮೇಯಿಸುವುದರಲ್ಲೂ ಮೂವತ್ತೈದು ವರ್ಷ ಕಳೆದರು. 1963ರಲ್ಲಿ ಅವರ ಹಳೆಯ ಹಾಡೊಂದರಲ್ಲಿ ಬರುವ ಅವಲಾನ್ ಎಂಬ ಹೆಸರನ್ನು ಹಿಡಿದು ಸಂಗೀತಪ್ರೇಮಿಯೊಬ್ಬ ಆ ಹಳ್ಳಿ ಹುಡುಕಿಕೊಂಡು ಹೋದ. ಅದೇ ವರ್ಷ ಅವರು ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆಯಲ್ಲಿದ್ದರು. ಮೂರೇ ವರ್ಷಕ್ಕೆ ತೀರಿಕೊಂಡರು. ಸನ್ ಹೌಸ್ ಅವರದು ಇನ್ನೂ ವಿಚಿತ್ರ. 1964ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಸಿಕ್ಕಾಗ ಗಿಟಾರು ಮುಟ್ಟದೆ ವರ್ಷಗಳಾಗಿ, ತಮ್ಮ ಹಾಡುಗಳೇ ಅವರಿಗೆ ಮರೆತಿದ್ದವು. ಅಲನ್ ವಿಲ್ಸನ್ ಎಂಬ ಇಪ್ಪತ್ತರ ಹರೆಯದ ಬಿಳಿಯ ಹುಡುಗ ಹಳೆಯ ರೆಕಾರ್ಡು ಕೇಳಿ ಕಲಿತದ್ದನ್ನು ಎದುರು ಕೂತು ನುಡಿಸಿ ತೋರಿಸಿ, ಸನ್ ಹೌಸ್ ಅವರಿಗೆ ಸನ್ ಹೌಸ್ ಪಾಠ ಹೇಳಿಕೊಟ್ಟ. ದುಡ್ಡು ಹೊತ್ತಿಗೆ ಸರಿಯಾಗಿ ತಲುಪಿದ್ದರೆ ಮರೆಯುವ ಪ್ರಸಂಗವೇ ಬರುತ್ತಿರಲಿಲ್ಲವೇನೋ.

ಬಕೀಟು ನನ್ನ ಮುಂದೆ ಬಂದಾಗ ಜೇಬಿನಲ್ಲಿ ಕೈ ಆಡಿಸುತ್ತಿದ್ದೆ. ನಮ್ಮಾಕೆ ತನ್ನ ಕೈಚೀಲದಿಂದ ಇಪ್ಪತ್ತು ಡಾಲರಿನ ನೋಟು ತೆಗೆದು ಹಾಕಿಯೇಬಿಟ್ಟಳು. ಅಮೆರಿಕಕ್ಕೆ ಬಂದಾಗಿನಿಂದ ಒಂದು ಕಾಫಿಯ ಬೆಲೆಯನ್ನೂ ರೂಪಾಯಿಗೆ ಗುಣಿಸಿ ನೋಡಿ ಕುಡಿಯದೆ ಬಿಡುತ್ತಿದ್ದವಳು, ಈ ನೋಟನ್ನು ಮಾತ್ರ ಗುಣಿಸಲಿಲ್ಲ. "ಮೂರನೇ ಸಾಲು ಅಷ್ಟು ಚೆನ್ನಾಗಿತ್ತು" ಎಂದಳು.

ನಿಮ್ಮ ಊರಿನಲ್ಲಿಯೂ ಯಾರೋ ಮನೆಯ ನಡುಕೋಣೆಯಲ್ಲಿ, ಮಹಡಿಯಲ್ಲಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಮೈಕಿಲ್ಲದೆ ಹಾಡುತ್ತಾರೆ ಎಂದು ತಿಳಿದರೆ ಹೋಗಿ. ಬ್ಲೂಸೇ ಆಗಬೇಕಿಲ್ಲ, ತತ್ವಪದವಾದರೂ ಸರಿ, ಗೋಟುವಾದ್ಯವಾದರೂ ಸರಿ. ರಾಗ ಗೊತ್ತಾಗದಿದ್ದರೆ ಚಿಂತೆಯಿಲ್ಲ, ತಾಳವನ್ನು ನಿಮ್ಮ ಲೆಕ್ಕಕ್ಕೆ ಎಳೆಯಬೇಡಿ, ಹೂಂಗುಡುವುದನ್ನು ಮರೆಯಬೇಡಿ. ಹೊರಡುವಾಗ ಡಬ್ಬಿ ಕಂಡರೆ ನೋಟು ಹಾಕಿ. ಕಾಣದಿದ್ದರೆ ಎಲ್ಲಿದೆ ಎಂದು ಕೇಳಿ ಹಾಕಿ. ಚಿಲ್ಲರೆ ಬೇಡ, ಸದ್ದಾಗುತ್ತದೆ.